ಒಂದು ಬಟ್ಟೆಗೆ ಎಷ್ಟು ಒಡೆಯರು?

‘ಹಳೇ ಬಟ್ಟೆಗೆ ಪಾತ್ರೇ...’ ಎಂಬ ಕೂಗು ಮಧ್ಯಾಹ್ನದ ಹೊತ್ತಿಗೆ ಬೀದಿಯ ತುದಿಯಲ್ಲಿ ಕೇಳಿಸುತ್ತಿದ್ದುದು ಅನೇಕರ ನೆನಪಿನಲ್ಲಿ ಇನ್ನೂ ಉಳಿದಿದೆ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಿನಲ್ಲಿ ಬಟ್ಟೆಯ ಗಂಟು. ಮನೆಯಾಕೆ ಟ್ರಂಕಿನ ತಳದಿಂದ ಎರಡು ಪ್ಯಾಂಟು, ಮೂರು ಸೀರೆ ತೆಗೆದು ಜಗಲಿಯ ಮೇಲೆ ಇಟ್ಟರೆ, ಪಾತ್ರೆಯಾಕೆ ಒಂದೊಂದನ್ನೇ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ‘ಇದು ಪಿಸಿದು ಹೋಗಿದೆ, ನಡೆಯೋಲ್ಲ ಕಣಮ್ಮ’ ಎಂದು ಒಂದನ್ನು ಪಕ್ಕಕ್ಕೆ ಸರಿಸುವಳು. ‘ಇನ್ನೊಂದು ಸೀರೆ ಹಾಕಮ್ಮ, ಡಬರಿ ಕೊಡ್ತೀನಿ’ ಎನ್ನುವಳು. ಅರ್ಧ ಗಂಟೆಯ ಚೌಕಾಸಿಯ ಬಳಿಕ ಡಬರಿ ಒಳಗೆ ಹೋಗುತ್ತಿತ್ತು, ಗಂಟು ದೊಡ್ಡದಾಗುತ್ತಿತ್ತು.

ಆ ಗಂಟು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮನೆಯವರು ಹೆಚ್ಚು ವಿಚಾರಿಸುತ್ತಿರಲಿಲ್ಲ. ಬೇರೆಯವರು ಉಟ್ಟು ಬಿಟ್ಟ ಬಟ್ಟೆಯನ್ನು ತಾವು ಉಡುವುದಂತೂ ದೂರದ ಮಾತು. ಆದರೆ ಈಗ ದೊಡ್ಡ ನಗರಗಳ ಕಾಲೇಜು ಹುಡುಗ ಹುಡುಗಿಯರಲ್ಲಿ ಕೆಲವರು ಹೊಸ ಅಂಗಿ ಕೊಳ್ಳುವ ಶಕ್ತಿಯಿದ್ದರೂ ಹಳೆಯದನ್ನೇ ಹುಡುಕಿಕೊಂಡು ಹೋಗುತ್ತಿದ್ದಾರೆ. ವಾರಕ್ಕೊಂದು ವಿನ್ಯಾಸ ತಂದು, ಎರಡು ತಿಂಗಳಲ್ಲಿ ಅದನ್ನು ಹಳತಾಗಿಸುವ ‘ಫಾಸ್ಟ್ ಫ್ಯಾಷನ್’ ತಮಗೆ ಬೇಡ ಎಂಬುದು ಅವರ ವಾದ. ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ದುಡ್ಡಿದ್ದೂ ಇನ್ನೊಬ್ಬರ ಹಳೇ ಬಟ್ಟೆ ಏಕೆ?

ಚರಿತ್ರೆಯನ್ನು ನೋಡಿದರೆ ಪ್ರಶ್ನೆ ತಿರುಗುಮುರುಗಾಗುತ್ತದೆ. ಮನುಷ್ಯ ಬಟ್ಟೆ ನೇಯಲು ಕಲಿತ ಸಾವಿರಾರು ವರ್ಷಗಳಲ್ಲಿ ಹೆಚ್ಚಿನ ಕಾಲ, ಒಂದು ಬಟ್ಟೆಗೆ ಒಬ್ಬನೇ ಒಡೆಯನಿದ್ದದ್ದು ಅಪರೂಪ. ಒಬ್ಬರು ನಾಲ್ಕು ಸಲ ಉಟ್ಟು ಎಸೆಯುವುದೇ ಹೊಸ ಪದ್ಧತಿ.

ಆನಂದ ಕೊಟ್ಟ ಲೆಕ್ಕ

ಬೌದ್ಧರ ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಬುದ್ಧನ ಶಿಷ್ಯನಾದ ಆನಂದನಿಗೆ ಐನೂರು ವಸ್ತ್ರಗಳನ್ನು ದಾನ ಮಾಡುತ್ತಾರೆ. ರಾಜನಿಗೆ ಅಸಮಾಧಾನ. ಸನ್ಯಾಸಿಯೊಬ್ಬನಿಗೆ ಇಷ್ಟು ಬಟ್ಟೆ ಏಕೆ, ಈತ ಬಟ್ಟೆಯ ಅಂಗಡಿ ಇಡುವನೇ ಎಂದು ಅನುಮಾನಿಸಿ ನೇರವಾಗಿ ಆನಂದನನ್ನೇ ಕೇಳುತ್ತಾನೆ.

ವಸ್ತ್ರ ಸವೆದುಹೋದ ಭಿಕ್ಷುಗಳಿಗೆ ಹಂಚುತ್ತೇನೆ ಎನ್ನುತ್ತಾನೆ ಆನಂದ. ಹಾಗಾದರೆ ಅವರ ಹಳೆಯ ವಸ್ತ್ರಗಳು? ಅವು ಹಾಸಿಗೆಯ ಮೇಲುಹೊದಿಕೆಯಾಗುತ್ತವೆ. ಹಳೆಯ ಮೇಲುಹೊದಿಕೆಗಳು ದಿಂಡುಹಾಸಿಗೆಯ ಚೀಲವಾಗುತ್ತವೆ. ಹಳೆಯ ಚೀಲಗಳು ನೆಲಹಾಸು, ಹಳೆಯ ನೆಲಹಾಸು ಕಾಲೊರೆಸುವ ಬಟ್ಟೆ, ಅದೂ ಹಳತಾದರೆ ಧೂಳು ಹೊಡೆಯುವ ಬಟ್ಟೆ. ಕೊನೆಗೆ? ಚೂರು ಚೂರು ಮಾಡಿ ಮಣ್ಣಿನೊಂದಿಗೆ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂಬ ಉತ್ತರ ಬರುತ್ತದೆ. ಸಂತುಷ್ಟನಾದ ರಾಜ ಇನ್ನೂ ಐನೂರು ವಸ್ತ್ರ ಕೊಡಿಸುತ್ತಾನೆ.

ಆರಂಭ ಕಾಲದ ಭಿಕ್ಷುಗಳು ಕಸದ ರಾಶಿಯಿಂದ, ಸ್ಮಶಾನದಿಂದ ಆಯ್ದ ಚಿಂದಿಗಳನ್ನು ಒಗೆದು, ಜೋಡಿಸಿ ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ‘ಪಾಂಸುಕೂಲ’ ಎಂಬ ಹೆಸರು. ಹಾಗೆ ಬದುಕುತ್ತಿದ್ದವರಿಗೆ ಒಂದು ಮೊಳ ಬಟ್ಟೆಯೂ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಈ ಲೆಕ್ಕ ಸನ್ಯಾಸಿಗಳದ್ದು ಮಾತ್ರ ಎನ್ನುವಂತಿಲ್ಲ. ಅರಮನೆಯ ಕೆಳಗಿನ ಎಲ್ಲ ಮನೆಗಳೂ ಇದೇ ಲೆಕ್ಕದಲ್ಲಿ ನಡೆಯುತ್ತಿದ್ದವು. ಏಕೆಂದರೆ ಬಟ್ಟೆ ದುಬಾರಿಯಾಗಿತ್ತು.

ನಾಟಕಕ್ಕಿಂತ ಅಂಗಿ ತುಟ್ಟಿ

ಎಷ್ಟು ದುಬಾರಿ? ಹದಿನೆಂಟನೆಯ ಶತಮಾನದ ಭಾರತದಲ್ಲಿ ಕೈಯಿಂದ ನೂಲುವವರು ಸುಮಾರು 45 ಕಿಲೊ ಹತ್ತಿಯನ್ನು ನಯವಾದ ನೂಲಾಗಿಸಲು 50,000 ಗಂಟೆಗಳಷ್ಟು ದುಡಿಯಬೇಕಾಗಿತ್ತು ಎಂದು ಜವಳಿ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬಳೇ ಕುಳಿತು ನೂತರೆ ಹದಿನೇಳು ವರ್ಷ. ಇದು ನೂಲಿನ ಲೆಕ್ಕ ಮಾತ್ರ. ನೇಯ್ಗೆ, ಬಣ್ಣ, ಹೊಲಿಗೆ ಇವೆಲ್ಲ ಇದರ ಮೇಲೆ. ಹೀಗೆ ಹುಟ್ಟಿದ ಬಟ್ಟೆಯನ್ನು ಎಸೆಯುವುದೆಂದರೆ ಯಾರದೋ ಆಯುಷ್ಯದ ತುಂಡನ್ನು ಎಸೆದ ಹಾಗೆ.

ಆದ್ದರಿಂದ ಬಟ್ಟೆಯನ್ನು ಆಸ್ತಿಯಂತೆ ನೋಡುತ್ತಿದ್ದರು. 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ತಂಗಿ ಜೋನ್‌ಳಿಗೆ 20 ಪೌಂಡ್ ಹಣದ ಜತೆಗೆ ತಾನು ಉಡುತ್ತಿದ್ದ ಬಟ್ಟೆಗಳೆಲ್ಲವನ್ನೂ ಬರೆದುಕೊಟ್ಟಿದ್ದಾನೆ. ಊರಿನ ಸಿರಿವಂತರಲ್ಲಿ ಒಬ್ಬನಾಗಿದ್ದವನು ಅವನು. ಅಂಥವನ ಹಳೆ ಬಟ್ಟೆ ತಂಗಿಗೆ ಅವಮಾನವಾಗಿರಲಿಲ್ಲ. ಉಯಿಲಿನಲ್ಲಿ ನಮೂದಿಸುವಷ್ಟು ಬೆಲೆಯುಳ್ಳ ವಸ್ತುವಾಗಿತ್ತು.

ಅವನ ನಾಟಕಗಳು ರಂಗಕ್ಕೆ ಬಂದದ್ದೂ ಹೆಚ್ಚಾಗಿ ಇಂಥ ಬಟ್ಟೆಗಳನ್ನು ತೊಟ್ಟೇ. 1599ರಲ್ಲಿ ಲಂಡನ್ನಿಗೆ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಇದನ್ನು ಗಮನಿಸಿ ಬರೆದಿಟ್ಟಿದ್ದಾನೆ. ಶ್ರೀಮಂತರು ಸಾಯುವಾಗ ತಮ್ಮ ಉತ್ತಮ ಉಡುಪುಗಳನ್ನು ಸೇವಕರಿಗೆ ಬಿಟ್ಟು ಹೋಗುತ್ತಿದ್ದರು. ಆದರೆ ಸೇವಕರು ಅಂಥವನ್ನು ತೊಟ್ಟು ತಿರುಗುವುದು ಸಲ್ಲದ ಕಾಲ ಅದು. ಅವರು ಅವನ್ನು ನಟರಿಗೆ ಮಾರಿ ಕಾಸು ಮಾಡಿಕೊಳ್ಳುತ್ತಿದ್ದರು. ಸತ್ತ ಶ್ರೀಮಂತನ ನಿಲುವಂಗಿ ಹೀಗೆ ರಂಗದ ಮೇಲೆ ರಾಜನ ಪೋಷಾಕಾಗುತ್ತಿತ್ತು. ಆ ಕಾಲದ ನಾಟಕ ವ್ಯವಹಾರಸ್ಥ ಫಿಲಿಪ್ ಹೆನ್ಸ್‌ಲೋ ಗಿರವಿ ವ್ಯಾಪಾರವನ್ನೂ ನಡೆಸುತ್ತಿದ್ದ. ಅವನ ಲೆಕ್ಕದ ಪುಸ್ತಕದಲ್ಲಿ 1603ರ ಒಂದು ಸ್ವಾರಸ್ಯಕರ ವಿವರ ಸಿಗುತ್ತದೆ. ನಾಟಕವೊಂದನ್ನು ಬರೆದುಕೊಟ್ಟ ಥಾಮಸ್ ಹೇವುಡ್‌ಗೆ ಸಂದದ್ದು 6 ಪೌಂಡ್. ಅದೇ ನಾಟಕದ ನಾಯಕಿಗೆ ಮಾಡಿಸಿದ ಕಪ್ಪು ಮಖಮಲ್ ನಿಲುವಂಗಿಗೆ ತಗಲಿದ್ದು 6 ಪೌಂಡ್ 13 ಷಿಲಿಂಗ್. ನಾಟಕಕ್ಕಿಂತ ಅಂಗಿಯೇ ತುಟ್ಟಿ!

ಯೂರೋಪಿನ ದೊಡ್ಡ ಪಟ್ಟಣಗಳಲ್ಲೆಲ್ಲ ಹಳೆ ಬಟ್ಟೆಯ ಪೇಟೆಗಳು ಇದ್ದವು. ಫ್ಲಾರೆನ್ಸ್‌ನಲ್ಲಿ ಈ ವ್ಯಾಪಾರಿಗಳದ್ದೇ ಶ್ರೇಣಿಯಿತ್ತು. ವೆನಿಸ್‌ನಲ್ಲಿ ಬೇರೆ ಬಹುತೇಕ ಕಸುಬುಗಳಿಂದ ಹೊರಗಿಡಲಾಗಿದ್ದ ಯಹೂದಿಗಳಿಗೆ ಹಳೆ ಬಟ್ಟೆಯ ವ್ಯಾಪಾರಕ್ಕೆ ಅನುಮತಿ ಕೊಡಲಾಗಿತ್ತು. ಲಂಡನ್ನಿನಲ್ಲಿ ಪೆಟಿಕೋಟ್ ಲೇನ್, ರೋಸ್‌ಮೇರಿ ಲೇನ್, ಮನ್ಮತ್ ಸ್ಟ್ರೀಟ್‌ಗಳು ಹಳೆ ಬಟ್ಟೆಗೆ ಹೆಸರುವಾಸಿ. ಹತ್ತೊಂಬತ್ತನೆಯ ಶತಮಾನದ ನಡುವೆ ಲಂಡನ್ನಿನ ಬಡವರ ಬದುಕನ್ನು ಬೀದಿ ಬೀದಿ ಅಲೆದು ದಾಖಲಿಸಿದ ಪತ್ರಕರ್ತ ಹೆನ್ರಿ ಮೇಹ್ಯೂ, ಪಿಂಗಾಣಿ ಮತ್ತು ಗಾಜಿನ ಪಾತ್ರೆಗಳನ್ನು ಬುಟ್ಟಿಯಲ್ಲಿ ಹೊತ್ತು ಮನೆ ಮನೆಗೆ ಹೋಗಿ ಹಳೆ ಬಟ್ಟೆಗೆ ವಿನಿಮಯ ಮಾಡುತ್ತಿದ್ದವರ ಬಗ್ಗೆಯೂ ಬರೆದಿದ್ದಾನೆ. ನಮ್ಮ ಪಾತ್ರೆಯಾಕೆಗೆ ಲಂಡನ್ನಿನಲ್ಲೂ ಬಂಧುಗಳಿದ್ದರು ಎಂದಾಯಿತು.

ಕೂಲಿಕಾರರ ಮನೆಗಳಲ್ಲಿ ಭಾನುವಾರದ ಒಳ್ಳೆಯ ಕೋಟು ಸೋಮವಾರ ಗಿರವಿ ಅಂಗಡಿ ಸೇರಿ, ಶನಿವಾರ ಬಟವಾಡೆಯಾದ ಮೇಲೆ ಮನೆಗೆ ಮರಳುವುದೂ ಇತ್ತು. ಅಂದರೆ ಬಟ್ಟೆಯೇ ಬಡವರ ಬ್ಯಾಂಕು. ತೀರ ಉಡಲಾಗದಷ್ಟು ಹರಿದ ನಾರುಬಟ್ಟೆ ಹತ್ತಿಬಟ್ಟೆಗಳು ಕಾಗದದ ಕಾರ್ಖಾನೆಗೆ ಹೋಗುತ್ತಿದ್ದವು. ಮರದ ತಿರುಳಿನಿಂದ ಕಾಗದ ಮಾಡುವುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬರುವವರೆಗೂ ಪಶ್ಚಿಮದ ಪುಸ್ತಕಗಳೂ ಪತ್ರಿಕೆಗಳೂ ಅಚ್ಚಾದದ್ದು ಚಿಂದಿಯಿಂದ ಮಾಡಿದ ಕಾಗದದ ಮೇಲೆಯೇ.

ಕೌದಿಯೂ ಹೌದು, ಕಟ್ಟಳೆಯೂ ಹೌದು

ನಮ್ಮಲ್ಲಿ ಈ ಲೆಕ್ಕದ ಅತ್ಯಂತ ಸುಂದರ ರೂಪ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಒತ್ತಾದ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರೆ. ಅಜ್ಜಿಯ ಇಳಕಲ್ ಸೀರೆಯೂ ಮೊಮ್ಮಗಳ ಲಂಗವೂ ಅದರಲ್ಲಿ ಅಕ್ಕಪಕ್ಕ ಕೂರುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ‘ಕವಂದಿ’ ಇದರ ಇನ್ನೊಂದು ಬಗೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯ ‘ಹೂವು’ ಕೂರಿಸದೆ ಅದು ಪೂರ್ಣವಾಗುವುದಿಲ್ಲ. ಈ ಕವಂದಿಗಳು ಈಗ ವಿದೇಶದ ವಸ್ತುಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ.

ಹುಟ್ಟಿದ ಮಗುವನ್ನು ಹೊಸ ಬಟ್ಟೆಯಲ್ಲಿ ಮಲಗಿಸದೆ, ಒಗೆದು ಒಗೆದು ಮೆತ್ತಗಾದ ಹಳೆ ಸೀರೆಯ ತುಂಡಿನಲ್ಲಿ ಸುತ್ತುವ ರೂಢಿಯೂ ಇದೇ ತಿಳಿವಳಿಕೆಯದು. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುವುದಂತೂ ಹೇಳಬೇಕಾದ್ದೇ ಇಲ್ಲ. ಜರಿ ಸೀರೆ ಹರಿದರೂ ಅದರೊಳಗಿನ ಬೆಳ್ಳಿಗಾಗಿ ಕೊಳ್ಳುವವರು ಬರುತ್ತಿದ್ದರು.

ಆದರೆ ಹಳೆ ಬಟ್ಟೆಯ ಚರಿತ್ರೆಯನ್ನು ಕೌದಿಯ ಬೆಚ್ಚನೆಯ ಚಿತ್ರದಲ್ಲೇ ಮುಗಿಸಿಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಮನೆಯೊಳಗೆ ಕೈಯಿಂದ ಕೈಗೆ ಬಂದ ಬಟ್ಟೆ ಪ್ರೀತಿ. ಜಾತಿಯ ಗೆರೆ ದಾಟಿ ಕೆಳಗೆ ಬಿದ್ದ ಬಟ್ಟೆ ಕಟ್ಟಳೆ. ಚಂಡಾಲರು ಸತ್ತವರ ಬಟ್ಟೆಗಳನ್ನು ಉಡಬೇಕೆಂದೂ, ಸೇವೆ ಮಾಡುವ ಶೂದ್ರನಿಗೆ ಉಂಡು ಉಳಿದ ಅನ್ನದ ಜತೆ ಹಳೆಯ ಬಟ್ಟೆಗಳನ್ನು ಕೊಡಬೇಕೆಂದೂ ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಇಲ್ಲಿ ಹಳೆ ಬಟ್ಟೆ ಉಳಿತಾಯದ ವಿಷಯವಾಗಿರಲಿಲ್ಲ. ಉಟ್ಟವನ ಸ್ಥಾನ ಯಾವುದೆಂದು ದೂರದಿಂದಲೇ ಸಾರುವ ಗುರುತಾಗಿತ್ತು.

1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ನೆರೆದಿದ್ದ ದಲಿತ ಮಹಿಳೆಯರನ್ನು ಉದ್ದೇಶಿಸಿ ಡಾ. ಬಿ.ಆರ್. ಅಂಬೇಡ್ಕರ್ ಮಾತನಾಡಿದಾಗ ಉಡುಪಿನ ವಿಚಾರವನ್ನು ಎತ್ತಿದ್ದು ಈ ಕಾರಣಕ್ಕೆ. ಅಸ್ಪೃಶ್ಯರೆಂದು ಗುರುತಿಸುವಂತೆ ಉಡುವುದನ್ನು ಬಿಡಿ, ಮೇಲಿನ ಜಾತಿಯ ಹೆಂಗಸರಂತೆಯೇ ಸೀರೆ ಉಡಿ ಎಂದು ಅವರು ಹೇಳಿದರು. ಅದೇ ಮಾತಿನಲ್ಲಿ, ಬಟ್ಟೆಯ ತುಂಬ ತೇಪೆಗಳಿದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ ಎಂದೂ ಸೇರಿಸಿದರು. ಬಟ್ಟೆಯ ವಯಸ್ಸು ಅವರಿಗೆ ಸಮಸ್ಯೆಯಾಗಿರಲಿಲ್ಲ. ಏನು ಉಡಬೇಕೆಂದು ಬೇರೆಯವರು ನಿರ್ಧರಿಸುವುದು ಸಮಸ್ಯೆಯಾಗಿತ್ತು. ಹಳೆ ಬಟ್ಟೆಯನ್ನು ಆರಿಸಿಕೊಳ್ಳುವುದಕ್ಕೂ ಅದನ್ನೇ ಉಡಬೇಕಾಗಿ ಬರುವುದಕ್ಕೂ ಇರುವ ಅಂತರ ಇದು. ಈಗಲೂ ಎಷ್ಟೋ ಮಂದಿ ‘ಸೆಕೆಂಡ್ ಹ್ಯಾಂಡ್’ ಎಂದರೆ ಮುಖ ಸಿಂಡರಿಸುವುದರ ಹಿಂದೆ ಬರಿಯ ಒಣಜಂಬವಿಲ್ಲ, ಇಂಥ ನೆನಪುಗಳೂ ಇವೆ.

ಯಂತ್ರ ಬಂತು, ಬೆಲೆ ಬಿತ್ತು

ಹಳೆ ಬಟ್ಟೆಯ ಬೆಲೆಯನ್ನು ಇಳಿಸಿದ್ದು ಇಂಗ್ಲೆಂಡಿನ ನೂಲಿನ ಯಂತ್ರಗಳು. 1760ರ ದಶಕದಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್‌ನ ‘ಜೆನ್ನಿ’, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ಯಂತ್ರ, 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್‌ನ ‘ಮ್ಯೂಲ್’ ಒಂದರ ಹಿಂದೆ ಒಂದು ಬಂದವು. ಕೈಯಲ್ಲಿ 50,000 ಗಂಟೆ ಬೇಕಾಗಿದ್ದ ಅದೇ 45 ಕಿಲೊ ಹತ್ತಿಯ ನೂಲನ್ನು ಕ್ರಾಂಪ್ಟನ್‌ನ ಯಂತ್ರ ಆರಂಭದಲ್ಲಿ 2,000 ಗಂಟೆಯ ದುಡಿಮೆಯಲ್ಲಿ ತೆಗೆಯಿತು. 1825ರ ಹೊತ್ತಿಗೆ ಸ್ವಯಂಚಾಲಿತ ಯಂತ್ರಗಳು ಬಂದಾಗ 135 ಗಂಟೆ ಸಾಕಾಯಿತು.

ಇದರ ಪೆಟ್ಟು ಭಾರತದ ನೂಲುವ ಹೆಂಗಸರ ಮೇಲೆ, ನೇಕಾರರ ಮೇಲೆ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಯಂತ್ರದ ಬಟ್ಟೆ ಒಂದು ಉಪಕಾರವನ್ನೂ ಮಾಡಿತೆಂಬುದನ್ನು ಮರೆಯುವಂತಿಲ್ಲ. ಎಂದೂ ಹೊಸ ಬಟ್ಟೆ ಕಾಣದವರು ಹೊಸ ಬಟ್ಟೆ ಉಟ್ಟರು. ಒಗೆಯಲು ಸುಲಭವಾದ ಹತ್ತಿಯ ಅಂಗಿ ಬಡವನ ಮೈಗೂ ಬಂತು. ಇನ್ನೊಬ್ಬರು ಬಿಟ್ಟದ್ದನ್ನು ಉಡುವ ಕಟ್ಟಳೆಯಿಂದ ಹೊರಬರಲು ಅಗ್ಗದ ಮಿಲ್ ಬಟ್ಟೆ ಒಂದು ಬಾಗಿಲಾಯಿತು.

ಹೊಸದು ಅಗ್ಗವಾದಂತೆ ಹಳೆಯದರ ಮಾನ ಇಳಿಯಿತು. ಹಾಗೆಂದು ಅದರ ಉಪಯೋಗ ತಕ್ಷಣ ನಿಲ್ಲಲಿಲ್ಲ. ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆ ಬಟ್ಟೆಗಳನ್ನು ಹಿಂಜಿ ಎಳೆ ಮಾಡಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ಮತ್ತೆ ನೂಲುವ ಉಪಾಯ ಕಂಡುಹಿಡಿದ. ಅದಕ್ಕೆ ‘ಶಾಡಿ’ ಎಂಬ ಹೆಸರು ಬಂತು. ಚಿಂದಿ ಹಿಂಜುವ ಯಂತ್ರವನ್ನು ಕೆಲಸಗಾರರು ‘ದೆವ್ವ’ ಎಂದು ಕರೆದರು. ಬ್ಯಾಟ್ಲಿ, ಡ್ಯೂಸ್‌ಬರಿಗಳು ಯೂರೋಪಿನ ಚಿಂದಿಯನ್ನೆಲ್ಲ ತರಿಸಿಕೊಂಡು ಬೆಳೆದವು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಅವಸರದಲ್ಲಿ ಕಳಪೆ ಶಾಡಿಯಿಂದ ಹೊಲಿಸಿದ ಸೈನಿಕರ ಸಮವಸ್ತ್ರಗಳು ಮಳೆಗೆ ಕಿತ್ತು ಬಂದವು. ಅಂದಿನಿಂದ ‘ಶಾಡಿ’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ‘ಕಳಪೆ’ ಎಂಬ ಅರ್ಥವೇ ಗಟ್ಟಿಯಾಯಿತು.

ಬ್ಯಾಟ್ಲಿಯ ಆ ಕಸುಬು ಈಗ ಹರಿಯಾಣದ ಪಾಣಿಪತ್‌ನಲ್ಲಿ ನೆಲೆಸಿದೆ. ಉಡುವ ಬಟ್ಟೆಯಾಗಿ ದೇಶದೊಳಗೆ ಮಾರಾಟವಾಗದಿರಲೆಂದು ಕತ್ತರಿಸಿ ಹಾಕಿದ ವಿದೇಶಿ ಉಣ್ಣೆ ಉಡುಪುಗಳು ಅಲ್ಲಿಗೆ ಬರುತ್ತವೆ. ಹೆಂಗಸರು ಸಾಲಾಗಿ ಕುಳಿತು ಗುಂಡಿ, ಜಿಪ್ಪು, ಲೇಬಲ್‌ಗಳನ್ನು ಕಿತ್ತು ಬಣ್ಣವಾರು ವಿಂಗಡಿಸುತ್ತಾರೆ. ಕೆಂಪು ಕೋಟಿನಿಂದ ಕೆಂಪು ನೂಲೇ ಬರುವುದರಿಂದ ಮತ್ತೆ ಬಣ್ಣ ಹಾಕುವ ಕೆಲಸ ಕಡಿಮೆ. ಆ ನೂಲಿನ ಅಗ್ಗದ ಕಂಬಳಿಗಳು ಪ್ರವಾಹ, ಭೂಕಂಪಗಳ ಪರಿಹಾರ ಶಿಬಿರಗಳಿಗೆ ಹೋಗುತ್ತವೆ.

ಯುದ್ಧ ತಂದ ಗೌರವ

ಕಳೆದುಹೋದ ಗೌರವ ಹಳೆ ಬಟ್ಟೆಗೆ ಒಮ್ಮೆ ಮರಳಿ ಬಂದದ್ದುಂಟು. ಎರಡನೆಯ ಮಹಾಯುದ್ಧದ ನಡುವೆ, 1941ರ ಜೂನ್ 1ರಂದು ಬ್ರಿಟನ್ ಬಟ್ಟೆಗೆ ರೇಷನ್ ಜಾರಿಗೆ ತಂದಿತು. ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸಿನ ಒಂದು ಉಣ್ಣೆಯ ಸೂಟಿಗೇ 26 ಕೂಪನ್ ಬೇಕು. ಹಳೆ ಬಟ್ಟೆಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಇದ್ದುದನ್ನೇ ರಿಪೇರಿ ಮಾಡಿ ಉಡಿ ಎಂದು ಸರ್ಕಾರವೇ 1943ರಲ್ಲಿ ಕೈಪಿಡಿ ಹಂಚಿತು. ತೇಪೆ ಹಾಕಿದ ಮೊಣಕೈ ಆಗ ದೇಶಪ್ರೇಮದ ಗುರುತು. ಈ ರೇಷನ್ ಮುಗಿದದ್ದು 1949ರ ಮಾರ್ಚ್‌ನಲ್ಲಿ.

ಅದೇ 1943ರಲ್ಲಿ ಭಾರತದಲ್ಲೂ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಜಾರಿಗೆ ಬಂತು. ಇಲ್ಲಿನ ಸ್ಥಿತಿಗೆ ಮಾತ್ರ ದೇಶಪ್ರೇಮದ ಹೊಳಪಿರಲಿಲ್ಲ. ಅದು ನಿಜವಾದ ಅಭಾವ. ಒಂದು ಸೀರೆಗಾಗಿ ಸಾಲು ನಿಂತ ಆ ತಲೆಮಾರಿನ ಅಜ್ಜಿಯರು ಮುಂದೆ ಬಟ್ಟೆಯ ಒಂದು ತುಂಡನ್ನೂ ಎಸೆಯಲು ಬಿಡಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಸತ್ತ ಬಿಳಿಯನ ಬಟ್ಟೆ

ಯುದ್ಧದ ಬಳಿಕ ಪಶ್ಚಿಮದ ದೇಶಗಳಲ್ಲಿ ಸಂಪತ್ತು ಹೆಚ್ಚಿತು, ಬೀರುಗಳು ತುಂಬಿದವು. ಹಳೆ ಬಟ್ಟೆ ದಾನದ ವಸ್ತುವಾಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ 1902ರಲ್ಲಿ ಆರಂಭಿಸಿದ ಗುಡ್‌ವಿಲ್, ಬ್ರಿಟನ್ನಿನಲ್ಲಿ 1942ರಲ್ಲಿ ಹುಟ್ಟಿದ ಆಕ್ಸ್‌ಫಾಮ್ ಮುಂತಾದ ಸಂಸ್ಥೆಗಳು ದಾನವಾಗಿ ಬಂದ ಬಟ್ಟೆ, ಸಾಮಾನುಗಳನ್ನು ಅಂಗಡಿಯಿಟ್ಟು ಮಾರಿ ಬಡವರ ನೆರವಿಗೆ ಹಣ ಕೂಡಿಸಿದವು. ಆದರೆ ಬರುತ್ತಿದ್ದ ಬಟ್ಟೆ ಅಂಗಡಿಯಲ್ಲಿ ಮಾರಾಟವಾಗುವುದಕ್ಕಿಂತ ಎಷ್ಟೋ ಹೆಚ್ಚು. ಮಿಕ್ಕಿದ್ದು ವ್ಯಾಪಾರಿಗಳ ಮೂಲಕ ಬೇಲ್‌ಗಳಾಗಿ ಹಡಗು ಹತ್ತಿತು.

ಅದು ತಲುಪಿದ ಆಫ್ರಿಕದ ದೇಶಗಳ ಭಾಷೆಗಳಲ್ಲಿ ಹಳೆ ಬಟ್ಟೆಗೆ ಹೊಸ ಹೆಸರುಗಳು ಹುಟ್ಟಿದವು. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ಮಿತುಂಬ’, ಎಂದರೆ ಗಂಟುಗಳು. ಜಾಂಬಿಯದಲ್ಲಿ ‘ಸಲೌಲ’, ಎಂದರೆ ರಾಶಿಯಲ್ಲಿ ಕೆದಕಿ ಆರಿಸುವುದು. ಘಾನಾದಲ್ಲಿ ‘ಒಬ್ರೊನಿ ವಾವು’, ಎಂದರೆ ಸತ್ತ ಬಿಳಿಯನ ಬಟ್ಟೆ. ಬದುಕಿರುವ ಮನುಷ್ಯ ಇಷ್ಟೊಂದು ಒಳ್ಳೆಯ ಬಟ್ಟೆಯನ್ನು ಬಿಟ್ಟುಕೊಡುತ್ತಾನೆಂದು ನಂಬುವುದು ಅಲ್ಲಿನವರಿಗೆ ಕಷ್ಟವಾಗಿತ್ತು!

ಈ ವ್ಯಾಪಾರ ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿತು. ಅದೇ ಹೊತ್ತಿಗೆ ಸ್ಥಳೀಯ ಜವಳಿ ಉದ್ಯಮಕ್ಕೆ ಪೈಪೋಟಿಯೂ ಆಯಿತು. ಸ್ವಂತ ಉದ್ಯಮ ಬೆಳೆಸಬೇಕೆಂದು ರುವಾಂಡ 2016ರಲ್ಲಿ ಹಳೆ ಬಟ್ಟೆಯ ಮೇಲಿನ ಆಮದು ಸುಂಕವನ್ನು ಕಿಲೊಗೆ 20 ಸೆಂಟ್‌ನಿಂದ ಎರಡೂವರೆ ಡಾಲರ್‌ಗೆ ಏರಿಸಿತು. ಇದರಿಂದ ಸಿಟ್ಟಾದ ಅಮೆರಿಕ 2018ರಲ್ಲಿ ರುವಾಂಡದ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮಾನತಿನಲ್ಲಿಟ್ಟಿತು. ಹಳೆ ಬಟ್ಟೆ ಬೇಡ ಎನ್ನುವುದಕ್ಕೂ ಒಂದು ಬಡ ದೇಶ ಬೆಲೆ ತೆರಬೇಕಾಯಿತು.

ಘಾನಾದ ರಾಜಧಾನಿ ಅಕ್ರಾದ ಕಂಟಮಾಂಟೊ ಮಾರುಕಟ್ಟೆ ಇಂಥ ಬಟ್ಟೆಯ ದೊಡ್ಡ ನೆಲೆ. ವಾರಕ್ಕೆ ಸುಮಾರು ಒಂದೂವರೆ ಕೋಟಿ ಉಡುಪುಗಳು ಅಲ್ಲಿ ಇಳಿಯುತ್ತವೆ ಎಂದು ಅಲ್ಲಿ ಕೆಲಸ ಮಾಡುವ ‘ದಿ ಆರ್ ಫೌಂಡೇಷನ್’ ಅಂದಾಜು ಮಾಡಿದೆ. ಸುಮಾರು 55 ಕಿಲೊ ತೂಗುವ ಬೇಲ್‌ಗಳನ್ನು ತಲೆಯ ಮೇಲೆ ಹೊರುವವರು ಉತ್ತರ ಘಾನಾದಿಂದ ಕೂಲಿ ಅರಸಿ ಬಂದ ಹೆಣ್ಣುಮಕ್ಕಳು. ಬೇಲ್ ಬಿಚ್ಚುವವರೆಗೂ ಒಳಗೇನಿದೆ ಎಂದು ಕೊಂಡವನಿಗೆ ತಿಳಿಯದು. ಒಳ್ಳೆಯದು ಬಂದರೆ ಲಾಭ, ಹರುಕು ಬಂದರೆ ಸಾಲ. ಬಂದದ್ದರಲ್ಲಿ ಶೇಕಡ 40ರಷ್ಟು ಕಸವಾಗಿ ಹೊರಹೋಗುತ್ತದೆ ಎಂಬುದು ಆ ಸಂಸ್ಥೆಯ ಮಾತು. ಅಷ್ಟೇನೂ ಇಲ್ಲ ಎಂಬುದು ವ್ಯಾಪಾರಿಗಳ ಸಂಘದ ವಾದ. ಆದರೆ ಅಕ್ರಾದ ಕಡಲತೀರದ ಮರಳಿನಲ್ಲಿ ಹೂತು ಹಗ್ಗದಂತೆ ಹೊಸೆದುಕೊಂಡ ಬಟ್ಟೆಗಳು ಯಾವ ವಾದಕ್ಕೂ ಕಾಯದೆ ಕಣ್ಣಿಗೆ ಬೀಳುತ್ತವೆ. 2025ರ ಜನವರಿ 1ರ ರಾತ್ರಿ ಹೊತ್ತಿಕೊಂಡ ಬೆಂಕಿ ಈ ಮಾರುಕಟ್ಟೆಯ ಬಹುಭಾಗವನ್ನು ಸುಟ್ಟಿತು. ಸಾವಿರಾರು ವ್ಯಾಪಾರಿಗಳು, ದರ್ಜಿಗಳು ಬೀದಿಗೆ ಬಿದ್ದರು.

ಹದಿನೈದು ದಿನದ ಅವಸರ

ಬೇಲ್‌ನಲ್ಲಿ ಹರುಕು ಹೆಚ್ಚಾಗುತ್ತಿರುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ದಾರಿ ಮತ್ತೆ ಹೊಸ ಬಟ್ಟೆಯ ಅಂಗಡಿಗೇ ಬಂದು ನಿಲ್ಲುತ್ತದೆ. 1989ರ ಕೊನೆಯಲ್ಲಿ ಸ್ಪೇನ್‌ನ ಜಾರಾ ಕಂಪೆನಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದಾಗ, ವಿನ್ಯಾಸಗಾರನ ತಲೆಯಲ್ಲಿ ಹೊಳೆದ ಉಡುಪು ಹದಿನೈದೇ ದಿನದಲ್ಲಿ ಅಂಗಡಿಯಲ್ಲಿ ತೂಗುತ್ತದೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ‘ಫಾಸ್ಟ್ ಫ್ಯಾಷನ್’ ಎಂಬ ಮಾತು ಬಳಕೆಗೆ ಬಂದದ್ದು ಆ ಸುಮಾರಿಗೆ. 2005ರ ಆರಂಭದಲ್ಲಿ, ಬಡ ದೇಶಗಳಿಂದ ಬರುವ ಉಡುಪಿನ ಮೇಲೆ ಶ್ರೀಮಂತ ದೇಶಗಳು ಇಟ್ಟಿದ್ದ ಕೋಟಾ ಮಿತಿ ತೆರವಾಯಿತು. ಎಲ್ಲಿ ಕೂಲಿ ಅಗ್ಗವೋ ಅಲ್ಲಿಗೆ ಹೊಲಿಗೆ ಹರಿಯಿತು. 2000ದಿಂದ 2015ರ ನಡುವೆ ಜಗತ್ತಿನ ಉಡುಪು ಉತ್ಪಾದನೆ ಸುಮಾರು ಇಮ್ಮಡಿಯಾಯಿತು, ಒಂದು ಉಡುಪನ್ನು ಎಸೆಯುವ ಮೊದಲು ತೊಡುವ ಸಲ ಕಡಿಮೆಯಾಯಿತು ಎಂದು ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಷನ್‌ನ 2017ರ ವರದಿ ಹೇಳಿತು. ಉಡುಪಿಗೆ ಹೋಗುವ ಕಚ್ಚಾ ಸಾಮಗ್ರಿಯಲ್ಲಿ ಮತ್ತೆ ಹೊಸ ಉಡುಪಾಗುವುದು ಶೇಕಡ ಒಂದಕ್ಕಿಂತ ಕಡಿಮೆ ಎಂಬುದೂ ಅದೇ ವರದಿಯಲ್ಲಿದೆ.

ಇಷ್ಟು ಅಗ್ಗವನ್ನು ಯಾರೋ ಎಲ್ಲೋ ತುಂಬಿಕೊಡಬೇಕಲ್ಲ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಆರ್ಡರ್ ಮುಗಿಸುವ ಅವಸರಕ್ಕೆ ಅವರನ್ನು ಒಳಗೆ ಕಳಿಸಲಾಗಿತ್ತು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ, ರಾಮನಗರ, ಮಂಡ್ಯದ ಕಡೆಯಿಂದ ಬೆಳಗಿನ ವ್ಯಾನು ಹತ್ತಿ ಬರುವ ಸಾವಿರಾರು ಹೆಣ್ಣುಮಕ್ಕಳು ಹೊಲಿಯುವುದೂ ಹೊರದೇಶದ ಇಂಥ ಅಂಗಡಿಗಳಿಗೇ. ಹೊಸ ಬಟ್ಟೆ ಕೊಳ್ಳುವುದನ್ನೇ ಜನ ನಿಲ್ಲಿಸಿಬಿಟ್ಟರೆ ಅವರ ಗತಿಯೇನು ಎಂಬ ಪ್ರಶ್ನೆ ಸಣ್ಣದಲ್ಲ. ಕಡಿಮೆ ಅಂಗಿ, ಪ್ರತಿ ಅಂಗಿಗೂ ಸರಿಯಾದ ಕೂಲಿ ಎಂಬ ದಾರಿ ಹೇಳಲು ಸುಲಭ. ಅಲ್ಲಿಗೆ ತಲುಪಲು ಇನ್ನೂ ಬಹಳ ದೂರವಿದೆ.

ಬಟ್ಟೆ ಬಾಳಿದರೆ ಮಾತ್ರ

ಹಾಗಾದರೆ ಹೊಸದು ಬಿಟ್ಟು ಹಳೆಯದನ್ನು ಕೊಳ್ಳುವುದೇ ಪರಿಹಾರವೇ? ಒಂದು ಮಟ್ಟಿಗೆ ಹೌದು. ಒಂದು ಅಂಗಿಯನ್ನು ಇನ್ನೊಬ್ಬರು ಎರಡು ವರ್ಷ ತೊಟ್ಟರೆ ಅಷ್ಟು ಕಾಲ ಒಂದು ಹೊಸ ಅಂಗಿಯ ಹತ್ತಿ, ನೀರು, ಬಣ್ಣ ಉಳಿಯುತ್ತವೆ. ಆದರೆ ಅಗ್ಗಕ್ಕೆ ಸಿಗುತ್ತದೆಂದು ಒಂದರ ಬದಲು ನಾಲ್ಕು ಹಳೆ ಅಂಗಿ ತಂದು ಬೀರು ತುಂಬಿದರೆ ಅದೂ ಫಾಸ್ಟ್ ಫ್ಯಾಷನ್ನಿನ ಇನ್ನೊಂದು ರೂಪವೇ. ಹಳೆಯದನ್ನು ಮಾರಿಬಿಡಬಹುದು, ದಾನ ಕೊಟ್ಟುಬಿಡಬಹುದು ಎಂಬ ಧೈರ್ಯದಲ್ಲಿ ಇನ್ನಷ್ಟು ಹೊಸದು ಕೊಂಡರಂತೂ ಅಕ್ರಾದ ರಾಶಿಗೆ ಇನ್ನೊಂದು ಬೇಲ್ ಸೇರುತ್ತದೆ.

ಕೊಡುವುದಕ್ಕೂ ಒಂದು ಕ್ರಮ ಬೇಕು. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಆರಂಭಿಸಿದ ‘ಗೂಂಜ್’ ಸಂಸ್ಥೆ ಇದಕ್ಕೊಂದು ಉದಾಹರಣೆ. ಊರಿನವರೇ ಸೇರಿ ಬಾವಿ ತೋಡಿದರೆ, ರಸ್ತೆ ಸರಿಪಡಿಸಿದರೆ ಆ ಶ್ರಮಕ್ಕೆ ಪ್ರತಿಯಾಗಿ ವಿಂಗಡಿಸಿ ಸರಿಪಡಿಸಿದ ಬಟ್ಟೆ ಕೊಡುವ ಪದ್ಧತಿಯನ್ನು ಅದು ಬೆಳೆಸಿತು. ಭಿಕ್ಷೆಯಾಗಿ ಬಂದ ಬಟ್ಟೆಗೂ ದುಡಿದು ಪಡೆದ ಬಟ್ಟೆಗೂ ವ್ಯತ್ಯಾಸವಿದೆ ಎಂಬುದು ಅದರ ನಂಬಿಕೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎಲ್ಲಕ್ಕಿಂತ ದೊಡ್ಡ ತೊಡಕು ಬಟ್ಟೆಯೊಳಗೇ ಇದೆ. ಷೇಕ್ಸ್‌ಪಿಯರನ ತಂಗಿಗೆ ಬಂದ ಕೋಟು, ಕೌದಿಯೊಳಗೆ ಕುಳಿತ ಇಳಕಲ್ ಸೀರೆ ಎರಡನೆಯ, ಮೂರನೆಯ ಕೈಗೆ ದಾಟಿದ್ದು ಅವು ಬಾಳುವಂತೆ ನೇಯ್ದವಾದ್ದರಿಂದ. ಹತ್ತು ಸಲ ಒಗೆದರೆ ಜಾಲರಿಯಾಗುವ, ಹತ್ತಿ ಪಾಲಿಯೆಸ್ಟರ್ ಬೆರೆತು ಹಿಂಜಲೂ ಬಾರದ ಅಂಗಿಗೆ ಎರಡನೆಯ ಒಡೆಯ ಎಲ್ಲಿಂದ ಬರಬೇಕು? ಹಳೆ ಬಟ್ಟೆಯ ಅಂಗಡಿ ಉಳಿಯಬೇಕಾದರೆ ಹೊಸ ಬಟ್ಟೆಯ ಅಂಗಡಿಯಲ್ಲಿ ಒಳ್ಳೆಯ ಬಟ್ಟೆ ಇರಬೇಕು. ಮೊದಲ ಸಲ ಕೊಳ್ಳುವವನು ಬಣ್ಣ ನೋಡುವ ಮುನ್ನ ಹೊಲಿಗೆ, ಅಂಚು, ಎಳೆ ನೋಡಬೇಕು.

ಪಾತ್ರೆಯಾಕೆ ಅದನ್ನೇ ಮಾಡುತ್ತಿದ್ದಳು. ಸೀರೆಯ ಅಂದ ಅವಳಿಗೆ ಬೇಕಿರಲಿಲ್ಲ. ಎರಡು ಬೆರಳಿನ ನಡುವೆ ಉಜ್ಜಿ, ಬೆಳಕಿಗೆ ಹಿಡಿದು, ಇದಕ್ಕೆ ಇನ್ನೆಷ್ಟು ಆಯುಷ್ಯವಿದೆ ಎಂದು ನೋಡುತ್ತಿದ್ದಳು. ಇದ್ದರೆ ಡಬರಿ. ಇಲ್ಲದಿದ್ದರೆ ‘ನಡೆಯೋಲ್ಲ ಕಣಮ್ಮ’. ಮಾಲ್‌ಗಳ ಝಗಮಗ ದೀಪದ ಕೆಳಗೆ ನಿಂತು ಅಂಗಿ ಆರಿಸುವವರು ಅವಳಿಂದ ಕಲಿಯಬೇಕಾದ್ದು ಇಷ್ಟೇ.